ಒಂದೇ ಸಲ ಚುಚ್ಚಿ ಮುಗಿಸಬಾರದಾ?

ಶುಕ್ರವಾರ, 14 ಜೂನ್ 2024

ಅಕ್ಕನ ಮಗನಿಗೆ ಇವತ್ತು ನಾಯಿ ಕಡಿತದ ಎರಡನೇ ಸುತ್ತಿನ ಇಂಜೆಕ್ಷನ್. ಮಂಗಳವಾರ ಟ್ಯೂಷನ್ ಮುಗಿಸಿ ಬರುವಾಗ ಬೀದಿನಾಯಿ ಮೀನಖಂಡಕ್ಕೆ ಬಾಯಿ ಹಾಕಿತ್ತು. ಅಕ್ಕನದು ಒಂದೇ ಗೊಣಗಾಟ: "ಅಷ್ಟೂ ಔಷಧಿ ಒಂದೇ ಸಲ ಚುಚ್ಚಿ ಮುಗಿಸಬಾರದಾ?" ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ರೇಬೀಸ್ ವೈರಸ್ಸಿಗೆ ಅವಸರವಿಲ್ಲ. ಗಾಯದ ಹತ್ತಿರದ ನರದೊಳಗೆ ನುಗ್ಗಿ, ಸದ್ದಿಲ್ಲದೆ ಮಿದುಳಿನ ಕಡೆ ಸಾಗುತ್ತದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಕೆಲವೊಮ್ಮೆ ವಾರವೇ ಸಾಕು. ನರದೊಳಗೆ ಅಡಗಿರೋದರಿಂದ ದೇಹದ ರೋಗನಿರೋಧಕ ವ್ಯವಸ್ಥೆಗೆ ಸರಿಯಾಗಿ ಸುಳಿವೇ ಸಿಗುವುದಿಲ್ಲ. ಲಕ್ಷಣ ಕಾಣಿಸಿದ ಮೇಲಂತೂ ಬದುಕಿ ಉಳಿದವರು ತೀರಾ ಅಪರೂಪ. ಆದರೆ ಅದು ನಿಧಾನ ಮಾಡುತ್ತದಲ್ಲ, ಅದೇ ನಮಗೆ ಸಿಗುವ ಸಮಯ. ಬೇರೆ ಲಸಿಕೆಗಳಲ್ಲಿ ಹೆಚ್ಚಿನವನ್ನು ಕಾಯಿಲೆ ತಗಲುವ ಮುಂಚೆ ಹಾಕಿಸಬೇಕು. ಇದನ್ನು ಕಚ್ಚಿದ ಮೇಲೂ ಹಾಕಿಸಬಹುದು. 1885ರಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಹುಡುಗ ಜೋಸೆಫ್ ಮೈಸ್ಟರ್‌ಗೆ ಕೊಡಿಸಿದ್ದೂ ಹುಚ್ಚುನಾಯಿ ಕಚ್ಚಿದ ಮೇಲೆಯೇ.

ಲಸಿಕೆಯಲ್ಲಿ ಇರುವುದು ಸತ್ತ ವೈರಸ್. ನರ್ಸ್ ಎರಡೂ ತೋಳಿಗೆ, ಚರ್ಮದ ಪದರದೊಳಗೇ, 0.1 ಎಂ.ಎಲ್. ಹಾಕಿದರು. ಸಣ್ಣ ಬಿಳಿ ಗುಳ್ಳೆ ಎದ್ದಿತು. "ಗುಳ್ಳೆ ಬಂದ್ರೇನೇ ಸರಿ, ಉಜ್ಜಬೇಡ ಕಣೋ" ಅಂದರು. ಇಷ್ಟು ಕಮ್ಮಿ ಔಷಧಿ ಸಾಕಾಗುತ್ತಾ ಅಂತ ಅನುಮಾನ ಬರುತ್ತೆ, ಅಲ್ವಾ? ಸಾಕು. ಚರ್ಮದಲ್ಲಿ ಕಾವಲುಗಾರರಂಥ ಡೆಂಡ್ರೈಟಿಕ್ ಕೋಶಗಳು ಜಾಸ್ತಿ. ಅವು ಸತ್ತ ವೈರಸ್ಸಿನ ಚೂರುಗಳನ್ನು ಹೊತ್ತುಕೊಂಡು ಕಂಕುಳಿನ ಲಿಂಫ್ ಗ್ರಂಥಿಗೆ ಹೋಗಿ ತೋರಿಸುತ್ತವೆ. ಅಲ್ಲಿರುವ ಲೆಕ್ಕವಿಲ್ಲದಷ್ಟು ಟಿ ಮತ್ತು ಬಿ ಕೋಶಗಳಲ್ಲಿ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಆ ಚೂರಿಗೆ ಹೊಂದುವಂಥವು ಬೆರಳೆಣಿಕೆಯಷ್ಟು. ಅವು ಎಚ್ಚೆತ್ತು, ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚಬೇಕು. ಟಿ ಕೋಶಗಳ ನೆರವಿನಿಂದ ಬಿ ಕೋಶಗಳು ಆಂಟಿಬಾಡಿ, ಅಂದರೆ ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೊಟೀನ್, ತಯಾರಿಸಬೇಕು. ಇದಕ್ಕೆ ಒಂದೆರಡು ವಾರ ಬೇಕೇ ಬೇಕು. ಮತ್ತೆ ಮತ್ತೆ ತೋರಿಸಿದಾಗ ಚೆನ್ನಾಗಿ ಅಂಟುವ ಆಂಟಿಬಾಡಿ ಮಾಡುವ ಕೋಶಗಳೇ ಮುಂದೆ ಬರುತ್ತವೆ. ಎಲ್ಲವನ್ನೂ ಒಂದೇ ದಿನ ಸುರಿದರೆ ಈ ಕೆಲಸ ಆಗಲ್ಲ. ಮೊದಲ ದಿನ, ಅದಾಗಿ 3, 7, 28 ದಿನಕ್ಕೆ ಅಂತ ಬಿಡಿಸಿ ಕೊಡೋದು ಅದಕ್ಕೇ.

"ಹಾಗಾದ್ರೆ ಆ ಎರಡು ವಾರ?" ಅಂದಳು ಅಕ್ಕ. ಒಳ್ಳೇ ಪ್ರಶ್ನೆ. ರಕ್ತ ಬಂದ ಗಾಯವಾದ್ದರಿಂದ ಮಂಗಳವಾರವೇ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಚುಚ್ಚಿದ್ದರು. ಅವನು ಕಿರುಚಿದ್ದು ಅದಕ್ಕೇ. ಅದು ಲಸಿಕೆಯಲ್ಲ, ಬೇರೆಯವರ ಅಥವಾ ಕುದುರೆಯ ರಕ್ತದಿಂದ ತೆಗೆದ ತಯಾರಾದ ಆಂಟಿಬಾಡಿ. ಬೆಳೆ ಕೈಗೆ ಬರುವವರೆಗೆ ತಂದ ಕೈಸಾಲ. ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ, ದೇಹ ಅದರಿಂದ ಏನೂ ಕಲಿಯುವುದಿಲ್ಲ.

ಇದಕ್ಕೂ ಮೊದಲು ಮಾಡಬೇಕಾದ್ದು ಸೋಪು ಹಚ್ಚಿ, ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆಯೋದು. ಈ ವೈರಸ್ಸಿನ ಹೊರಪದರ ಕೊಬ್ಬಿನದು, ಸೋಪಿಗೆ ಒಡೆಯುತ್ತದೆ. ಪಕ್ಕದ ಮನೆಯವರು ಖಾರದಪುಡಿ ತಂದಿದ್ದರು. ದಯವಿಟ್ಟು ಬೇಡ.

ಅಮ್ಮನ ತಲೆಯಲ್ಲಿ ಇನ್ನೂ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್‌ನ ಭಯ ಇದೆ. ಅದು ಕುರಿಯ ಮಿದುಳಿನಲ್ಲಿ ಬೆಳೆಸುತ್ತಿದ್ದ ಸೆಂಪಲ್ ಲಸಿಕೆ. ವೈರಸ್ ಜೊತೆ ಮಿದುಳಿನ ಅಂಶವೂ ಒಳಗೆ ಹೋಗುತ್ತಿದ್ದರಿಂದ ಕೆಲವರಲ್ಲಿ ರೋಗನಿರೋಧಕ ವ್ಯವಸ್ಥೆ ತಮ್ಮದೇ ನರಮಂಡಲದ ಮೇಲೆ ತಿರುಗಿಬೀಳುತ್ತಿತ್ತು. ಏನು ತೋರಿಸುತ್ತೇವೋ ಅದನ್ನೇ ಅದು ಕಲಿಯೋದು. ಭಾರತದಲ್ಲಿ ಅದರ ತಯಾರಿಕೆ 2004ರ ಕೊನೆಗೆ ನಿಂತಿತು. ಈಗಿನದನ್ನು ಪ್ರಯೋಗಾಲಯದ ಕೋಶಗಳಲ್ಲಿ ಬೆಳೆಸುತ್ತಾರೆ.

ಪೂರ್ತಿ ಕೋರ್ಸ್ ಮುಗಿದರೆ ನೆನಪಿನ ಕೋಶಗಳು ವರ್ಷಗಟ್ಟಲೆ ಉಳಿಯುತ್ತವೆ. ಮುಂದೆ ಮತ್ತೆ ಕಚ್ಚಿದರೆ ಮೊದಲ ದಿನ ಒಂದು, ಅದಾಗಿ ಮೂರು ದಿನಕ್ಕೆ ಇನ್ನೊಂದು ಡೋಸ್ ಅಷ್ಟೇ. ಗಾಯಕ್ಕೆ ಚುಚ್ಚುವುದು ಇರುವುದಿಲ್ಲ. ಆದರೆ ಡಾಕ್ಟರು ನಂಬಬೇಕಾದರೆ ದಾಖಲೆ ಬೇಕು. ಕಾರ್ಡನ್ನು ಜೆರಾಕ್ಸ್ ಮಾಡಿಸಿ ರೇಷನ್ ಕಾರ್ಡಿನ ಜೊತೆ ಇಡು ಅಂತ ಅಕ್ಕನಿಗೆ ಹೇಳಿದ್ದೇನೆ. ಮುಂದಿನ ಸುತ್ತು ಮಂಗಳವಾರ.