ಹಂಪಿಯನ್ನು ಹೊಳೆಯಿಂದ ನೋಡಿ: ಗೈಡ್, ತೆಪ್ಪ ಮತ್ತು ಒಂದು ಶನಿವಾರ

ಬೆಂಗಳೂರಿನಿಂದ ಹಂಪಿಗೆ ಹೋಗುವವರಲ್ಲಿ ಹೆಚ್ಚಿನವರು ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು, ಕಮಲ ಮಹಲ್ ನೋಡಿ, ಬಿಸಿಲಿಗೆ ಬಸವಳಿದು ವಾಪಸಾಗುತ್ತಾರೆ. ತುಂಗಭದ್ರೆಯನ್ನು ದಡದಲ್ಲಿ ನಿಂತು ನೋಡಿದ್ದಷ್ಟೇ. ಆದರೆ ಊರಿನ ಎಷ್ಟೋ ಗುಡಿ, ಮಂಟಪ, ಬಂಡೆಗೆತ್ತನೆಗಳು ಹೊಳೆಯನ್ನೇ ನೋಡುತ್ತಾ ಕೂತಿವೆ. ಕೆಲವಂತೂ ನೀರಿನ ಮೇಲಿಂದ ಹೋದರೆ ಮಾತ್ರ ಸರಿಯಾಗಿ ಕಾಣುತ್ತವೆ. ಹಂಪಿಗೆ ಒಂದೇ ದಿನ ಸಿಗುವುದಾದರೆ, ಅರಮನೆ ಆವರಣವನ್ನು ಇನ್ನೊಂದು ಸಲಕ್ಕೆ ಬಿಟ್ಟು ಆ ದಿನವನ್ನು ಹೊಳೆಗೆ ಕೊಡಿ ಎನ್ನುತ್ತೇನೆ. ವಿರೂಪಾಕ್ಷದಿಂದ ಚಕ್ರತೀರ್ಥ, ಅಲ್ಲಿಂದ ವಿಠ್ಠಲ ದೇವಸ್ಥಾನ, ತಳವಾರಘಟ್ಟದಲ್ಲಿ ಹೊಳೆ ದಾಟಿ ಆನೆಗುಂದಿ, ಕೊನೆಗೆ ಹೊಳೆಯ ನಡುಗಡ್ಡೆಯಲ್ಲಿರುವ ನವವೃಂದಾವನ. ಈ ದಾರಿ ಒಂದು ಹಗಲಿಗೆ ಹೊಂದುತ್ತದೆ.

ಮೊದಲು ನೋಡಬೇಕಾದ್ದು ಕ್ಯಾಲೆಂಡರ್ ಅಲ್ಲ, ಡ್ಯಾಮಿನ ನೀರು. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿಗೆ 33 ಕ್ರಸ್ಟ್ ಗೇಟುಗಳಿವೆ. ಮಳೆಗಾಲದಲ್ಲಿ ಗೇಟು ಎತ್ತಿ ನದಿಗೆ ನೀರು ಬಿಟ್ಟರೆ ಹಂಪಿಯಲ್ಲಿ ತೆಪ್ಪ (ಬುಟ್ಟಿಯಂಥ ದುಂಡನೆಯ ದೋಣಿ), ಉಳಿದ ದೋಣಿ ಎಲ್ಲವೂ ನಿಲ್ಲುತ್ತವೆ. ಹೊರಹರಿವು ಲಕ್ಷ ಕ್ಯೂಸೆಕ್‌ನ ಆಸುಪಾಸಿಗೆ ಹೋದರೆ ಪುರಂದರ ಮಂಟಪ ಮುಳುಗುತ್ತದೆ, ನವವೃಂದಾವನಕ್ಕೆ ಸಂಪರ್ಕ ಕಡಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾದಾಗ ನದಿಪಾತ್ರದ ಸ್ಥಿತಿ ಒಂದೇ ರಾತ್ರಿಯಲ್ಲಿ ಬದಲಾಗಿತ್ತು. ಹಾಗಾಗಿ ಜುಲೈನಿಂದ ಅಕ್ಟೋಬರ್‌ವರೆಗೆ ತೆಪ್ಪವನ್ನೇ ನಂಬಿ ಟಿಕೆಟ್ ಮಾಡಿಸಬೇಡಿ. ಏಪ್ರಿಲ್, ಮೇನಲ್ಲಿ ಇದರ ತಿರುವುಮುರುವು: ನೀರಿಗಿಂತ ಬಂಡೆಯೇ ಹೆಚ್ಚು, ಬಿಸಿಲು ನಲವತ್ತು ಡಿಗ್ರಿ. ನವೆಂಬರ್‌ನಿಂದ ಫೆಬ್ರವರಿಯೇ ಸರಿ. ಹೊರಡುವ ಹಿಂದಿನ ದಿನ ಪತ್ರಿಕೆಗಳಲ್ಲಿ ಬರುವ ಜಲಾಶಯದ ಒಳಹರಿವು, ಹೊರಹರಿವು ನೋಡಿ, ಆಮೇಲೆ ಗೈಡ್‌ಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಇವತ್ತು ತೆಪ್ಪ ಹಾಕಿದ್ರಾ?"

ಶುಕ್ರವಾರ ರಾತ್ರಿ ಮೆಜೆಸ್ಟಿಕ್ಕಿನಿಂದ ಹತ್ತರ ಹೊತ್ತಿಗೆ ಹೊರಡುವ ಹಂಪಿ ಎಕ್ಸ್‌ಪ್ರೆಸ್ ಬೆಳಿಗ್ಗೆ ಏಳರ ಆಸುಪಾಸಿಗೆ ಹೊಸಪೇಟೆ ತಲುಪುತ್ತದೆ. ವಾರಾಂತ್ಯದ ಟಿಕೆಟ್ ಬೇಗ ಖಾಲಿಯಾಗುವುದರಿಂದ ವಾರಗಳ ಮುಂಚೆಯೇ ಮಾಡಿಸಬೇಕು. ಸ್ಲೀಪರ್ ಬಸ್ಸುಗಳೂ ಇವೆ. ಹೊಸಪೇಟೆಯಲ್ಲೇ ತಿಂಡಿ ಮುಗಿಸಿ, ಇಡೀ ದಿನಕ್ಕೆ ಒಂದು ಆಟೊ ಗೊತ್ತುಮಾಡಿ. ಹಂಪಿ ಅಲ್ಲಿಂದ 13 ಕಿ.ಮೀ. ಆಟೊದವರಿಗೆ "ವಿರೂಪಾಕ್ಷದ ಹತ್ತಿರ ಇಳಿಸಿ, ಮಧ್ಯಾಹ್ನ ವಿಠ್ಠಲ ದೇವಸ್ಥಾನದ ಪಾರ್ಕಿಂಗಿಗೆ ಬನ್ನಿ" ಎಂದು ಮೊದಲೇ ಹೇಳಿ. ಇದನ್ನು ಹೇಳದಿದ್ದರೆ ನಡೆದ ದಾರಿಯಲ್ಲೇ ಮತ್ತೆ ಹಿಂದಕ್ಕೆ ನಡೆಯಬೇಕಾಗುತ್ತದೆ.

ಗೈಡ್ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವವರೇ ಆಗಿರಲಿ. ಮಾತಾಡುವಾಗ ಮೂರು ವಿಷಯ ಅಲ್ಲೇ ತೀರ್ಮಾನವಾಗಬೇಕು. ದರ ಪೂರ್ತಿ ದಿನದ್ದೋ ಅರ್ಧ ದಿನದ್ದೋ, ತೆಪ್ಪದ ಬಾಡಿಗೆ ಅದರಲ್ಲಿ ಸೇರಿದೆಯೋ ಇಲ್ಲವೋ, ಆನೆಗುಂದಿಗೆ ಅವರೂ ದಾಟುತ್ತಾರೋ ಇಲ್ಲವೋ. ಮೂರನೆಯದನ್ನು ಕೇಳಲು ಜನ ಮರೆಯುತ್ತಾರೆ. ದಕ್ಷಿಣ ದಡ ತೋರಿಸಿ ವಿಠ್ಠಲದಲ್ಲಿ ಕೈಮುಗಿಯುವ ಗೈಡ್‌ಗಳಿದ್ದಾರೆ. ಆನೆಗುಂದಿಯಲ್ಲಿ ಫಲಕಗಳು ಕಡಿಮೆ, ಅಲ್ಲಿ ಹೇಳುವವರು ಜೊತೆಗಿದ್ದರೇ ಚೆನ್ನ.

ಬೆಳಿಗ್ಗೆ ಎಂಟಕ್ಕೆ ವಿರೂಪಾಕ್ಷನ ದರ್ಶನ ಮುಗಿಸಿ, ಬಜಾರಿನ ಮೂಡಣ ತುದಿಯ ಕಡೆ ನಡೆದು ಹೊಳೆಯ ಬದಿಯ ಕಾಲುದಾರಿ ಹಿಡಿಯಿರಿ. ಕೋದಂಡರಾಮನ ಗುಡಿಯ ಮುಂದಿನ ಘಟ್ಟವೇ ಚಕ್ರತೀರ್ಥ. ನದಿ ಇಲ್ಲಿ ಬಂಡೆಗಳ ನಡುವೆ ಇಕ್ಕಟ್ಟಾಗಿ ಉತ್ತರಕ್ಕೆ ಹೊರಳುತ್ತದೆ. ಮೇಲುಗಡೆ ಮಾಧ್ವ ಯತಿ ವ್ಯಾಸರಾಯರು ಪ್ರತಿಷ್ಠಾಪಿಸಿದ ಯಂತ್ರೋದ್ಧಾರಕ ಆಂಜನೇಯನಿದ್ದಾನೆ. ಅವನನ್ನು ಈಗಲೇ ನೋಡಿಬಿಡಿ, ಸಂಜೆ ಅದೇ ವ್ಯಾಸರಾಯರ ವೃಂದಾವನದ, ಅಂದರೆ ಸಮಾಧಿಯ, ಮುಂದೆ ನಿಲ್ಲುವವರಿದ್ದೀರಿ.

ತೆಪ್ಪ ಸಿಗುವುದು ಈ ಘಟ್ಟದಲ್ಲಿ. ಹರಿಗೋಲು ಎಂದರೂ ಅದೇ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗುಂದಿಗೆ ಜನ ದಾಟುವ ಬಗೆಯನ್ನು ಬರೆದಿಟ್ಟಿದ್ದಾನೆ: ಬುಟ್ಟಿಯಂಥ ದುಂಡನೆಯ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ನೇರ ಹೋಗಲಾರದೆ ಸುತ್ತುತ್ತಲೇ ಇರುತ್ತದೆ. ಇಂದು ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಹೆಣಿಗೆ ಬಿದಿರಿನ ಸೀಳುಗಳದ್ದು. ಉಳಿದದ್ದು ಹಾಗೇ ಇದೆ.

ಸುತ್ತುವುದೇಕೆಂದರೆ ಇದಕ್ಕೆ ಮೂತಿಯಿಲ್ಲ, ಅಡಿಯಲ್ಲಿ ನೀರನ್ನು ಸೀಳುವ ಬೆನ್ನೆಲುಬಿಲ್ಲ. ಪಕ್ಕದಿಂದ ಹುಟ್ಟು ಹಾಕಿದರೆ ನಿಂತಲ್ಲೇ ಗಿರಗಿರ ತಿರುಗುತ್ತದೆ. ಆದ್ದರಿಂದ ಅಂಬಿಗ ಮುಂದಿನ ಅಂಚಿನಲ್ಲಿ ಕೂತು, ಒಂದೇ ಹುಟ್ಟಿನಿಂದ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಸೆಳೆತವಿದ್ದಾಗ ನೇರ ಎದುರು ದಡಕ್ಕೆ ಹೊರಡುವುದಿಲ್ಲ. ದಡದ ಪಕ್ಕದಲ್ಲೇ ತೆಪ್ಪವನ್ನು ಮೇಲಕ್ಕೆ ಒಯ್ದು, ಅಲ್ಲಿಂದ ಓರೆಯಾಗಿ ಬಿಡುತ್ತಾನೆ. ಹೊಳೆ ತಳ್ಳಿಕೊಂಡು ಹೋಗಿ ಸರಿಯಾದ ಜಾಗಕ್ಕೆ ಮುಟ್ಟಿಸುತ್ತದೆ. ಅಡಿ ಚಪ್ಪಟೆಯಾದ್ದರಿಂದ ಬಂಡೆಯ ಮೇಲೆ ಸ್ವಲ್ಪವೇ ನೀರಿದ್ದರೂ ಜಾರಿಕೊಂಡು ಹೋಗುತ್ತದೆ. ಈ ಬಂಡೆಗಾಡಿನ ಹೊಳೆಗೆ ಇದಕ್ಕಿಂತ ಒಳ್ಳೆಯ ದೋಣಿಯಿಲ್ಲ.

ಹತ್ತುವ ಮುಂಚೆ ತೆಪ್ಪದ ಒಳ ಅಡಿ ನೋಡಿ. ತುಸು ಒದ್ದೆಯಿದ್ದರೆ ಚಿಂತೆಯಿಲ್ಲ. ನೀರು ನಿಂತಿದ್ದರೆ ಬಂಡೆಗೆ ಉಜ್ಜಿ ಡಾಂಬರು ಕಿತ್ತಿದೆ ಎಂದರ್ಥ, ಬೇರೆ ತೆಪ್ಪ ಕೇಳಿ. ಲೈಫ್ ಜಾಕೆಟ್‌ನ ಬಕಲ್ ಹಾಕಿಕೊಂಡು ಬೆಲ್ಟ್ ಬಿಗಿ ಮಾಡಿ. ಸುಮ್ಮನೆ ಹೆಗಲ ಮೇಲೆ ಹೊದ್ದುಕೊಂಡರೆ ನೀರಿಗೆ ಬಿದ್ದಾಗ ಅದು ಮೇಲಕ್ಕೆ ಜಾರುತ್ತದೆ. ಕಾಲನ್ನು ಅಂಚಿನ ಮೇಲಿಡದೆ ನೇರ ನಡುಭಾಗಕ್ಕಿಡಿ. ಅಂಚಿನ ಮೇಲೆ ಭಾರ ಬಿದ್ದರೆ ತೆಪ್ಪ ಆ ಕಡೆ ಪೂರ್ತಿ ವಾಲುತ್ತದೆ, ಬೀಳುವವರು ಬೀಳುವುದು ಇಲ್ಲೇ, ನಡುಹೊಳೆಯಲ್ಲಲ್ಲ. ಒಳಗೆ ಬೆನ್ನನ್ನು ಅಂಚಿಗೆ ಕೊಟ್ಟು ಸುತ್ತಲೂ ಕೂರಬೇಕು, ದಪ್ಪಗಿರುವವರು ಎದುರುಬದುರು. ಎಲ್ಲರೂ ಕೂತ ಮೇಲೆ ನೀರಿಗೂ ಅಂಚಿಗೂ ನಡುವೆ ಒಂದು ಗೇಣಾದರೂ ಉಳಿದಿರಬೇಕು. ಉಳಿಯದಿದ್ದರೆ ಇಬ್ಬರು ಇಳಿದು ಮುಂದಿನ ತೆಪ್ಪಕ್ಕೆ ಹೋಗಲಿ. ಪ್ರವಾಸಿಗರು ಖುಷಿಪಡುತ್ತಾರೆಂದು ನಡುವೆ ಜೋರಾಗಿ ತಿರುಗಿಸುವುದುಂಟು. ತಲೆಸುತ್ತು ಇರುವವರು, ಚಿಕ್ಕ ಮಕ್ಕಳು ಇದ್ದರೆ "ಅಣ್ಣಾ, ತಿರುಗಿಸಬೇಡಿ" ಎಂದು ಮೊದಲೇ ಹೇಳಿ. ಕೈ ನೀರಿಗೆ ಬಿಡಬೇಡಿ, ಈ ಹೊಳೆಯಲ್ಲಿ ಮೊಸಳೆಗಳಿವೆ. ನೀರುನಾಯಿಗಳೂ ಇವೆ. ಅವುಗಳಿಗಾಗಿಯೇ 2015ರಲ್ಲಿ ತುಂಗಭದ್ರೆಯ ಒಂದು ಭಾಗವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಬೆಳಗಿನ ಹೊತ್ತು ಗದ್ದಲವಿಲ್ಲದಿದ್ದರೆ ಬಂಡೆಯ ಸಂದಿಯಲ್ಲಿ ಕಂಡರೂ ಕಂಡಾವು.

ಈ ಸುತ್ತಿನ ಮುಖ್ಯ ಜಾಗ ಕೋಟಿಲಿಂಗ. ನೀರಂಚಿನ ಸಮತಟ್ಟು ಬಂಡೆಯನ್ನೇ ಕೆತ್ತಿ 1008 ಲಿಂಗಗಳನ್ನು ಚೌಕವಾಗಿ, ಸಾಲಿಗೆ ಸಾಲು ಕೂಡಿಸಿ ಮಾಡಿದ್ದಾರೆ. ಪಕ್ಕದಲ್ಲಿ 108 ಲಿಂಗಗಳ ಇನ್ನೊಂದು ಗುಂಪು. ಒಂದೊಂದೂ ಪಾಣಿಪೀಠ ಸಮೇತ. ಬೆಳಗಿನ ಓರೆ ಬಿಸಿಲಿನಲ್ಲಿ ಪ್ರತಿ ಲಿಂಗಕ್ಕೂ ಪುಟ್ಟ ನೆರಳು ಬಿದ್ದು ಸಾಲುಗಳು ಎದ್ದು ಕಾಣುತ್ತವೆ. ಹನ್ನೊಂದರ ಮೇಲೆ ನೆರಳು ಕಾಲಡಿಗೆ ಬಂದು ಬಂಡೆ ಬರೀ ಬಂಡೆಯಾಗಿ ಕಾಣುತ್ತದೆ. ತೆಪ್ಪವನ್ನು ಬೆಳಿಗ್ಗೆಯೇ ಹಿಡಿಯಿರಿ ಎನ್ನುವುದು ಈ ಕಾರಣಕ್ಕೆ. ಕೆತ್ತನೆಯ ಮೇಲೆ ಕಾಲಿಡಬಾರದು. ಗೈಡ್ ಸುಮ್ಮನಿದ್ದರೂ ನೀವು ಎಚ್ಚರವಾಗಿರಿ.

ಮತ್ತೆ ದಡಕ್ಕೆ ಬಂದು ಕಾಲುದಾರಿಯಲ್ಲೇ ಮುಂದೆ ನಡೆದರೆ ಸುಗ್ರೀವನ ಗುಹೆ, ರಾಜನ ತುಲಾಭಾರದ ಕಮಾನು, ಹೊಳೆಯೊಳಗೆ ನಿಂತಿರುವ ಹಳೆಯ ಸೇತುವೆಯ ಕಲ್ಲುಕಂಬಗಳು, ಪುರಂದರ ಮಂಟಪ. ದಾಸರು ತೀರಿಕೊಂಡದ್ದು 1564ರಲ್ಲಿ, ನಗರ ಹಾಳಾದದ್ದು ಮರುವರ್ಷ. ವಿಠ್ಠಲ ದೇವಸ್ಥಾನದ ಬಗ್ಗೆ ಎಲ್ಲರೂ ಬರೆದಿದ್ದಾರೆ, ಇಲ್ಲಿ ಒಂದು ಗಂಟೆ ಸಾಕು. ಹೊರಗೆ ಬಂದು ಬ್ಯಾಟರಿ ಗಾಡಿಯಲ್ಲಿ ಪಾರ್ಕಿಂಗಿಗೆ, ಅಲ್ಲಿ ನಿಮ್ಮ ಆಟೊ.

ತಳವಾರಘಟ್ಟದ ಹೆಬ್ಬಾಗಿಲು ದಾಟಿದರೆ ಆನೆಗುಂದಿಗೆ ಹೋಗುವ ಕಡವು. ಇಲ್ಲಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿತ್ತು. ಈಗ ವಾಹನಗಳೆಲ್ಲ ಬುಕ್ಕಸಾಗರ–ಕಡೆಬಾಗಿಲು ಸೇತುವೆಯ ಮೇಲೆ ಹೋಗುತ್ತವೆ. ಕಡವಿನಲ್ಲಿ ದೋಣಿ ಇಲ್ಲದ ದಿನ ನೀವೂ ಅದೇ ದಾರಿಯಲ್ಲಿ ಸುತ್ತಬೇಕು, ಆಟೊದವರ ಜೊತೆ ಅದಕ್ಕೂ ದರ ಮಾತಾಡಿಟ್ಟಿರಿ.

ಆನೆಗುಂದಿ ಹಂಪಿಗಿಂತ ಹಳೆಯ ಊರು, ಇವತ್ತೂ ಜನ ಬದುಕುತ್ತಿರುವ ಊರು. ಊಟ ಇಲ್ಲೇ ಮಾಡಿ. ಗಗನ ಮಹಲ್, ರಂಗನಾಥ ಗುಡಿ, ಹೊಳೆಯ ಬದಿಯ ಚಿಂತಾಮಣಿ ಮಠ, ಕೃಷ್ಣದೇವರಾಯನ ಸಮಾಧಿಯೆಂದು ಊರವರು ಹೇಳುವ ಅರವತ್ತನಾಲ್ಕು ಕಂಬದ ಮಂಟಪ. ಎಲ್ಲವೂ ನಡಿಗೆಯ ದೂರದಲ್ಲಿವೆ.

ಮೂರರ ಹೊತ್ತಿಗೆ ನವವೃಂದಾವನದ ದೋಣಿ ಹಿಡಿಯಿರಿ. ನಡುಗಡ್ಡೆಯಲ್ಲಿ ಒಂಬತ್ತು ಮಾಧ್ವ ಯತಿಗಳ ವೃಂದಾವನಗಳಿವೆ, ನಡುವೆ 1539ರಲ್ಲಿ ವೃಂದಾವನಸ್ಥರಾದ ವ್ಯಾಸರಾಯರದು. 2019ರ ಜುಲೈನಲ್ಲಿ ದುಷ್ಕರ್ಮಿಗಳು ಕೆಡವಿದ್ದು ಇದನ್ನೇ. ಭಕ್ತರು ಒಟ್ಟಾಗಿ ಮತ್ತೆ ಕಟ್ಟಿ ನಿಲ್ಲಿಸಿದರು. ಹಳದಿ ಗೆರೆಯ ಹೊರಗಿನಿಂದಲೇ ಪ್ರದಕ್ಷಿಣೆ ಹಾಕಬೇಕು. ಇದು ಪ್ರೇಕ್ಷಣೀಯ ಸ್ಥಳವಲ್ಲ, ಪೂಜೆ ನಡೆಯುವ ಜಾಗ. ಚಪ್ಪಲಿ ದೂರದಲ್ಲೇ ಬಿಡಿ, ಸೆಲ್ಫಿ ಇಲ್ಲಿ ಬೇಡ.

ವಾಪಸು ದೋಣಿಯ ಕೊನೆಯ ಹೊತ್ತನ್ನು ಹೋಗುವಾಗಲೇ ಕೇಳಿಟ್ಟುಕೊಳ್ಳಿ. ಕತ್ತಲಾದ ಮೇಲೆ ಅಂಬಿಗರು ಹೊಳೆಗಿಳಿಯುವುದಿಲ್ಲ, ಒತ್ತಾಯವನ್ನೂ ಮಾಡಬಾರದು. ಐದಕ್ಕೆ ದಕ್ಷಿಣ ದಡ ಸೇರಿದರೆ ರಾತ್ರಿ ಒಂಬತ್ತರ ಸುಮಾರಿನ ಹಂಪಿ ಎಕ್ಸ್‌ಪ್ರೆಸ್‌ಗೆ ಮುಂಚೆ ಹೊಸಪೇಟೆಯಲ್ಲಿ ಆರಾಮಾಗಿ ಊಟವೂ ಆಗುತ್ತದೆ. ಆನೆಗುಂದಿ ಬಳಿಯ ಅಂಜನಾದ್ರಿ ಬೆಟ್ಟವನ್ನೂ ಇದೇ ದಿನಕ್ಕೆ ತುರುಕಲು ಹೋಗಬೇಡಿ. 575 ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ದೋಣಿ ತಪ್ಪುತ್ತದೆ. ಅದು ಬೇಕೆಂದರೆ ಆನೆಗುಂದಿಯಲ್ಲೇ ಉಳಿದು ಭಾನುವಾರ ಬೆಳಗಿನ ಜಾವ ಹತ್ತಿ, ವಾಪಸು ಟಿಕೆಟನ್ನು ಭಾನುವಾರ ರಾತ್ರಿಗೆ ಮಾಡಿಸಿ.