ಹಿಮ್ಮಡಿ ಮೂಲೆಯ ತೂತು ಕೊನೆಗೂ ಮುಚ್ಚಿತು

ಒಂದೇ ಸಾಕ್ಸ್. ಕೈಯಲ್ಲಿ ಹೆಣೆದು ಮೂರು ಸಲ ಬಿಚ್ಚಿದ್ದೇನೆ. ನಿನ್ನೆ ರಾತ್ರಿ ಅಡುಗೆಮನೆ ಒಲೆ ಮುಂದೆ ಕೂತು ನಾಲ್ಕನೇ ಸಲ ಹಿಮ್ಮಡಿ ಮುಗಿಸಿದೆ. ಕೈ ಒಳಗೆ ತೂರಿಸಿ ಬಲ್ಬಿಗೆ ಹಿಡಿದು ನೋಡಿದೆ. ತೂತಿಲ್ಲ!

ಇದು ಮಾವನಿಗೆ. ಈಗ ಕಣದಲ್ಲಿ ಕಾಫಿ ಒಣಗುತ್ತಿದೆ. ಟಾರ್ಪಾಲಿನ ಮೇಲೆ ಇಬ್ಬನಿ ಎಷ್ಟು ಬಿದ್ದಿದೆ ಅಂತ ನೋಡಲು ಬೆಳಕು ಹರಿಯುವ ಮೊದಲೇ ಹೊರಟುಬಿಡುತ್ತಾರೆ. ಗಂಬೂಟಿನೊಳಗೆ ಬರಿಗಾಲು! ಡಿಸೆಂಬರ್ ಚಳಿ ನಮಗೆ ಮಾತ್ರ, ಅವರಿಗಲ್ಲ.

ಮೊದಲು ನೂಲಿನ ಕಥೆ ಹೇಳಿಬಿಡುತ್ತೇನೆ, ಹೊಟ್ಟೆ ಉರಿಯುತ್ತಿದೆ. ಆನ್‌ಲೈನಲ್ಲಿ ತರಿಸಿದ್ದರ ಲೇಬಲ್ ಮೇಲೆ 75 ಭಾಗ ಉಣ್ಣೆ, 25 ಭಾಗ ನೈಲಾನ್ ಅಂತಿತ್ತು. ಸುಮ್ನೆ ಒಂದು ತುಂಡು ಕೆಂಡಕ್ಕೆ ಹಿಡಿದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು ಅಲ್ವಾ? ಇದು ಕರಗಿ ಕಪ್ಪು ಮಣಿಯಾಗಿ ಕೂತಿತು. ಫೋನ್ ಮಾಡಿದರೆ, "ಅದನ್ನು ಸುಡೋಕೆ ಯಾಕೆ ಹೋದ್ರಿ ಮೇಡಂ?" ಅಂತ ನನಗೇ ಪ್ರಶ್ನೆ. ಆಮೇಲೆ ಮೈಸೂರಿನಿಂದ ನಿಜವಾದ ಉಣ್ಣೆ ತರಿಸಿದೆ. ಎರಡು ಉಂಡೆ, ಎರಡು ಡೈ ಲಾಟ್, ಅಂದರೆ ಬೇರೆ ಬೇರೆ ಸಲ ಬಣ್ಣ ಹಾಕಿದವು. ಒಂದು ಒಣಗಿದ ಕಾಫಿ ಹಣ್ಣಿನ ಬಣ್ಣ, ಇನ್ನೊಂದು ಹುರಿದ ಕಾಫಿ ಪುಡಿ ಬಣ್ಣ. ಕಪ್ಪಗಿರುವುದನ್ನು ಎರಡೂ ಸಾಕ್ಸಿನ ಹಿಮ್ಮಡಿಗೆ ಅಂತ ಎತ್ತಿಟ್ಟು, ಬೇಕಂತಲೇ ಮಾಡಿದ ಡಿಸೈನ್ ಅಂತ ಹೇಳಿಕೊಂಡು ತಿರುಗುತ್ತಿದ್ದೇನೆ.

ಈಗ ತೂತಿನ ವಿಷಯ. 2.5 ಮಿ.ಮೀ. ಕಡ್ಡಿ, ಸುತ್ತಿಗೆ 64 ಸ್ಟಿಚ್ (ಕಡ್ಡಿ ಮೇಲಿನ ಕುಣಿಕೆ). ಅದರಲ್ಲಿ 32 ಸ್ಟಿಚ್ ಮೇಲೆ 32 ಸಾಲಿನ ಫ್ಲ್ಯಾಪ್, ಅಂದರೆ ಹಿಮ್ಮಡಿಯ ಹಿಂಭಾಗ ಮುಚ್ಚುವ ತುಂಡು. ಹಿಮ್ಮಡಿ ಬಾಗಿಸುವ ತಿರುವು ಮುಗಿದಾಗ 18 ಉಳಿದವು, ಫ್ಲ್ಯಾಪಿನ ಎರಡು ಅಂಚುಗಳಿಂದ 16-16 ಹೊಸ ಸ್ಟಿಚ್ ಎತ್ತಿಕೊಂಡೆ. ಫ್ಲ್ಯಾಪ್ ಬಂದು ಪಾದದ ಮೇಲ್ಭಾಗಕ್ಕೆ ಸೇರುವ ಮೂಲೆಯಲ್ಲಿ ಮಾತ್ರ, ಎರಡೂ ಕಡೆ, ಕಾಫಿ ಬೀಜ ತೂರುವಷ್ಟು ತೂತು. ಗಂಬೂಟ್ ಉಜ್ಜುವುದೂ ಅಲ್ಲೇ.

ಮೊದಲ ಸಲ ನೂಲು ಬಿಗಿ ಎಳೆದೆ. ತೂತು ಪಕ್ಕದ ಸ್ಟಿಚ್ಚಿಗೆ ಮನೆ ಬದಲಾಯಿಸಿತು. ಎರಡನೇ ಸಲ ಮೂಲೆಯ ಸಡಿಲ ಕುಣಿಕೆಯಿಂದಲೇ ಒಂದು ಜಾಸ್ತಿ ಎತ್ತಿದೆ. ಇನ್ನೂ ಬಾಯಿ ಬಿಟ್ಟಿತು. ಮೂರನೇ ಸಲ ಸೂಜಿಯಲ್ಲಿ ಹೊಲಿದೆ. ಒಳಗೆ ಗಂಟು. ಅತ್ತೆ ಮುಟ್ಟಿ ನೋಡಿ, "ಇದು ಕಾಲಿಗೆ ಚುಚ್ಚಲ್ವಾ?" ಅಂದರು. ಬಿಚ್ಚಿದೆ.

(ಈ ಅತ್ತೆ ಹತ್ತಿರವೇ ಮುಂದಿನ ಯೋಜನೆ ಹೇಳಿ ಬೈಸಿಕೊಂಡೆ. ಕೊಡವರ ಸೊಂಟಪಟ್ಟಿ ಚೇಲೆಯ ಕೆಂಪು, ಚಿನ್ನದ ಬಣ್ಣಗಳಲ್ಲಿ, ಎರಡು ಬಣ್ಣದ ನೂಲು ಒಟ್ಟಿಗೆ ಓಡಿಸುವ ಎರಡೆಳೆ ಹೆಣಿಗೆಯ ಮಫ್ಲರ್. ಹಿಂದೆ ಜೋತಾಡುವ ನೂಲು ಕಾಣದ ಹಾಗೆ ಕೊಳವೆಯಾಗಿ ಹೆಣೆಯೋಣ ಅಂತ ಲೆಕ್ಕ ಹಾಕುತ್ತಿದ್ದೆ. "ಸೊಂಟಕ್ಕೆ ಕಟ್ಟೋದನ್ನ ಕುತ್ತಿಗೆಗಾ?" ಅಂದರು. ಯೋಜನೆ ಬಿಟ್ಟಿಲ್ಲ.)

ತಪ್ಪು ಎತ್ತಿಕೊಳ್ಳುವುದರಲ್ಲಿ ಇರಲೇ ಇಲ್ಲ. ಫ್ಲ್ಯಾಪ್ ಹೆಣೆಯುವ ಅಷ್ಟೂ ಹೊತ್ತು ಮೇಲ್ಭಾಗದ 32 ಸ್ಟಿಚ್ ಸುಮ್ನೆ ಕಾಯುತ್ತಿರುತ್ತವೆ. ಎರಡನ್ನೂ ಸೇರಿಸುವ ಒಂದೇ ಒಂದು ಎಳೆ ಆ ಮೂಲೆಯಲ್ಲಿ ಎಳೆಸಿಕೊಂಡು ಉದ್ದವಾಗುತ್ತದೆ. ಅದೇ ಎಳೆಯನ್ನು ಕಡ್ಡಿಗೆ ಏರಿಸಿ, ತಿರುಚಿ ಹೆಣೆದೆ. ಮುಂದಿನ ಸುತ್ತಿನಲ್ಲಿ ಪಕ್ಕದ ಸ್ಟಿಚ್ಚಿನ ಜೊತೆ ಸೇರಿಸಿ ಒಂದು ಮಾಡಿದೆ. ಎರಡೂ ಮೂಲೆಯ ಎಳೆ ಸೇರಿ 84 ಇದ್ದದ್ದು 82 ಆಯಿತು. ಆಮೇಲೆ ಸುತ್ತು ಬಿಟ್ಟು ಸುತ್ತು ಎರಡೆರಡು ಕಳೆದು ಮತ್ತೆ 64.

ಎರಡನೇ ಸಾಕ್ಸಿನ ಬಾಯಿ ಪಟ್ಟಿ ಹತ್ತು ಸುತ್ತು ಆಗಿದೆ. ಮೊದಲನೆಯದು ಹೊಗೆ ವಾಸನೆ ಹೊಡೆಯುತ್ತಿದೆ, ತೊಳೆಯಬೇಕು.