"ಹಳೇ ಕಾರ್ಟೂನನ್ನೆಲ್ಲ ಯಾಕೆ ಪ್ಲಾಸ್ಟಿಕ್ ಮಾಡ್ತೀರಿ?"

ನಾನು ಮುಂಬೈಯ ಗೋರೆಗಾಂವ್‌ನ ಒಂದು ಅನಿಮೇಷನ್ ಸ್ಟುಡಿಯೊದಲ್ಲಿ ಲೈಟಿಂಗ್ ಕೆಲಸ ಮಾಡುತ್ತೇನೆ. ಅದು ಗೊತ್ತಾದ ಕೂಡಲೇ ಜನ ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, "ಸಂಬಳ ಸರಿಯಾಗಿ ಬರುತ್ತಾ?" ಅದನ್ನು ಇಲ್ಲಿ ಬಿಡೋಣ. ಎರಡನೆಯದು, "ನಮ್ಮ ಕಾಲದ ಒಳ್ಳೊಳ್ಳೆ ಕಾರ್ಟೂನನ್ನೆಲ್ಲ ಕಂಪ್ಯೂಟರಿಗೆ ಹಾಕಿ ಯಾಕೆ ಪ್ಲಾಸ್ಟಿಕ್ ಮಾಡ್ತೀರಿ?" ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಕೇಳುತ್ತಾರೆ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕದ ಇಂಟರ್ವಲ್ಲಿಗೆ ಹೊರಗೆ ಬಂದಾಗ ಕೇಳುತ್ತಾರೆ. ಊರಿಗೆ ಹೋದರೆ ಮದುವೆ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ. ಕೇಳುವವರೆಲ್ಲ ಮೂವತ್ತು ದಾಟಿದವರು. ಮಕ್ಕಳು ಒಬ್ಬರೂ ಕೇಳಿದ್ದಿಲ್ಲ.

ಆ "ಮಾಡ್ತೀರಿ" ಅನ್ನುವುದನ್ನು ಗಮನಿಸಿ. ಎಲ್ಲ ನಾನೇ ಕೂತು ಮಾಡಿದ ಹಾಗೆ.

ಯಾಕೆ ಮಾಡುತ್ತಾರೆ ಅನ್ನುವುದಕ್ಕೆ ಉತ್ತರ ಚಿಕ್ಕದು. ದುಡ್ಡು. ಹೊಸ ಪಾತ್ರವನ್ನು ಮಕ್ಕಳಿಗೆ ಪರಿಚಯ ಮಾಡಿಸಲು ಖರ್ಚು ಜಾಸ್ತಿ. ಹಳೇ ಹೆಸರಾದರೆ ಅಪ್ಪ ಅಮ್ಮನೇ ರಿಮೋಟ್ ಕೈಗೆ ಕೊಡುತ್ತಾರೆ, ಆಮೇಲೆ ಅದೇ ಹೆಸರಿನ ಆಟಿಕೆಯನ್ನೂ ಕೊಡಿಸುತ್ತಾರೆ. ಇನ್ನೊಂದು ಕಾರಣ, ಕಂಪ್ಯೂಟರಿನಲ್ಲಿ ಒಮ್ಮೆ ಪಾತ್ರದ ಮಾಡೆಲ್ ಕಟ್ಟಿ, ಒಳಗೆ ಕೀಲುಗಳನ್ನು ಕೂರಿಸಿಬಿಟ್ಟರೆ ಅದು ಸವೆಯುವುದಿಲ್ಲ. ಆ ಕೀಲಿನ ಜೋಡಣೆಗೆ ನಾವು ರಿಗ್ ಅನ್ನುತ್ತೇವೆ. ನೂರಾರು ಎಪಿಸೋಡಿಗೆ ಅದೇ ರಿಗ್, ಅದೇ ಮನೆ, ಅದೇ ಬೀದಿ ನಡೆಯುತ್ತದೆ. ಇಂಗ್ಲೆಂಡಿನ ಬೊಂಬೆ ಕಾರ್ಟೂನುಗಳು ಒಂದರ ಹಿಂದೆ ಒಂದು ಈ ದಾರಿ ಹಿಡಿದವು. ನಾಡಿ 2002ರಲ್ಲಿ, ಫೈರ್‌ಮನ್ ಸ್ಯಾಮ್ 2008ರಲ್ಲಿ, ಬಾಬ್ ದ ಬಿಲ್ಡರ್ 2010ರಲ್ಲಿ. ಜೇನುಹುಳ ಮಾಯಾ 1975ರ ಜಪಾನಿ ಸರಣಿಯಲ್ಲಿ ಕೈಯಲ್ಲಿ ಬರೆದದ್ದು, 2012ರಲ್ಲಿ ಕಂಪ್ಯೂಟರಿಗೆ ಬಂತು.

ಪ್ಲಾಸ್ಟಿಕ್ ಯಾಕೆ ಅನ್ನುವುದು ನನ್ನ ಇಲಾಖೆ. ನಿಮ್ಮ ಕಿವಿಯ ಹಿಂದೆ ಟಾರ್ಚ್ ಹಿಡಿದರೆ ಕಿವಿ ಕೆಂಪಗೆ ಹೊಳೆಯುತ್ತದಲ್ಲ? ಬೆಳಕು ಚರ್ಮದ ಒಳಗೆ ಸ್ವಲ್ಪ ಇಳಿದು, ಹರಡಿ, ಆಮೇಲೆ ಹೊರಗೆ ಬರುತ್ತದೆ. ಮುಖ ಜೀವಂತ ಅನಿಸುವುದು ಅದರಿಂದ. ಇದನ್ನು ಕಂಪ್ಯೂಟರ್ ಲೆಕ್ಕ ಹಾಕಬಲ್ಲದು, ಆದರೆ ಅದಕ್ಕೆ ರೆಂಡರ್ ಟೈಮ್ ಬೇಕು, ಅಂದರೆ ಕಂಪ್ಯೂಟರ್ ಒಂದೊಂದು ಚಿತ್ರವನ್ನೂ ಲೆಕ್ಕ ಹಾಕಿ ಮುಗಿಸುವ ಸಮಯ. ಟಿವಿಗೆ ಮಾಡುವ ಹನ್ನೊಂದು ನಿಮಿಷದ ಎಪಿಸೋಡ್, ಸೆಕೆಂಡಿಗೆ 25 ಫ್ರೇಮಿನ ಹಾಗೆ, 16,500 ಫ್ರೇಮ್ ಆಗುತ್ತದೆ. ಒಂದೊಂದು ಫ್ರೇಮಿಗೆ ಹತ್ತು ನಿಮಿಷ ಜಾಸ್ತಿ ಹಿಡಿದರೂ ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ. ಹಾಗಾಗಿ ಬಜೆಟ್ ಕಡಿಮೆ ಇದ್ದಾಗ ಇಂಥದ್ದನ್ನೆಲ್ಲ ಬಿಡುತ್ತೇವೆ. ಬೆಳಕು ಮೇಲಿನಿಂದಲೇ ಪುಟಿದು ಬರುತ್ತದೆ. ಗೊಂಬೆಯ ಮೈ ಹಾಗೇ ಕಾಣುವುದು. ಪೂರ್ತಿ ಕಂಪ್ಯೂಟರಿನಲ್ಲೇ ಮಾಡಿದ ಮೊದಲ ದೊಡ್ಡ ಸಿನಿಮಾ ಬಂದದ್ದು 1995ರಲ್ಲಿ. ಅದರ ಹೀರೋಗಳು ಆಟಿಕೆಗಳು. ಆ ಕಾಲದ ಕಂಪ್ಯೂಟರಿಗೆ ಪ್ಲಾಸ್ಟಿಕ್ ಸುಲಭ, ಚರ್ಮ ಕಷ್ಟ. ಟಿವಿ ಬಜೆಟ್ ಇವತ್ತಿಗೂ ಬಹುಪಾಲು ಅಲ್ಲೇ ಇದೆ. ಕೂದಲು, ನೀರು, ಸೀರೆಯ ನೆರಿಗೆ ಇವೆಲ್ಲ ಬಂದರೆ ನಮ್ಮ ಪ್ರೊಡ್ಯೂಸರ್ ಮುಖ ನೋಡಬೇಕು! ಅದಕ್ಕೇ ಎಷ್ಟೋ ಕಂಪ್ಯೂಟರ್ ಕಾರ್ಟೂನಿನ ಹೆಂಗಸರ ಕೂದಲು ಹೆಲ್ಮೆಟ್ಟಿನ ಹಾಗೆ ಅಲುಗಾಡದೆ ಕೂತಿರುತ್ತದೆ.

ಆದರೆ ಮೇಲ್ಮೈ ಮಾತ್ರ ಸಮಸ್ಯೆ ಅಲ್ಲ. ಚಿತ್ರಕ್ಕೆ ಸುಳ್ಳು ಹೇಳುವ ಸ್ವಾತಂತ್ರ್ಯ ಇದೆ. ಮಿಕ್ಕಿಯ ಕಿವಿ ನೋಡಿ. ಅವನು ಯಾವ ಕಡೆ ತಿರುಗಿದರೂ ಎರಡೂ ಕಿವಿ ದುಂಡಗೇ ಕಾಣುತ್ತವೆ. ನಿಜವಾದ ತಲೆಗೆ ನಿಜವಾದ ಎರಡು ಬಿಲ್ಲೆ ಅಂಟಿಸಿದರೆ ಇದು ಸಾಧ್ಯವೇ ಇಲ್ಲ. ಟಾಮ್ ಓಡಲು ಶುರುಮಾಡುವಾಗ ಒಂದೆರಡು ಫ್ರೇಮ್ ಅವನು ಬೆಕ್ಕೇ ಅಲ್ಲ, ಬರೀ ಎಳೆದ ಬಣ್ಣ. ಕಲಾವಿದನಿಗೆ ಅದು ಪೆನ್ಸಿಲಿನ ಒಂದು ಗೀಟು. ರಿಗ್‌ಗೆ ಅದು ಮುರಿದುಹೋಗುವಷ್ಟು ಎಳೆತ. ಮಾಡಬಹುದು, ಟೈಮ್ ಕೊಟ್ಟರೆ. ಟಿವಿ ಸ್ಟುಡಿಯೊದಲ್ಲಿ ಅನಿಮೇಟರ್ ದಿನಕ್ಕೆ ಇಷ್ಟು ಸೆಕೆಂಡ್ ಅಂತ ಮುಗಿಸಿ ಕೊಡಲೇಬೇಕು. ಆ ಒತ್ತಡದಲ್ಲಿ ಪಾತ್ರ ಕೈ ಎತ್ತುತ್ತದೆ, ಇಳಿಸುತ್ತದೆ, ಎರಡರ ನಡುವೆ ಕಂಪ್ಯೂಟರ್ ತಾನೇ ನುಣ್ಣಗೆ ತುಂಬಿಕೊಡುತ್ತದೆ. ನೀರೊಳಗೆ ತೇಲಿದ ಹಾಗೆ ಕಾಣುವುದು ಇದರಿಂದಲೇ.

ಇಲ್ಲಿ ಒಂದು ಅನ್ಯಾಯವನ್ನೂ ಹೇಳಬೇಕು. ಜನ ಹೋಲಿಸುವುದು ಯಾವುದರ ಜೊತೆ? 1940ರಲ್ಲಿ ಶುರುವಾದ ಟಾಮ್ ಅಂಡ್ ಜೆರ್ರಿ ಜೊತೆ. ಅದು ಥಿಯೇಟರಿಗೆ ಮಾಡಿದ್ದು, ಏಳು ಆಸ್ಕರ್ ಗೆದ್ದದ್ದು. ಅದನ್ನು ಮಾಡಿದ ಅದೇ ಹನ್ನಾ ಮತ್ತು ಬಾರ್ಬೆರಾ, 1957ರಲ್ಲಿ ಅವರಿದ್ದ ಸ್ಟುಡಿಯೊ ಬಾಗಿಲು ಹಾಕಿದ ಮೇಲೆ, ಟಿವಿಗೆ ಬಂದು ಏನು ಮಾಡಿದರು? ಯೋಗಿ ಕರಡಿಯ ಕುತ್ತಿಗೆಗೆ ಕಾಲರ್ ಹಾಕಿದರು. ಅಂದಕ್ಕಲ್ಲ! ಕಾಲರಿನಿಂದ ಕೆಳಗಿನ ಮೈಯನ್ನು ಹಾಗೇ ಬಿಟ್ಟು, ಮಾತಾಡುವಾಗ ತಲೆ ಮಾತ್ರ ಬರೆದರೆ ಸಾಕು ಅಂತ. ಕೈಯಲ್ಲಿ ಬರೆದ ಕಾಲದಲ್ಲೂ ಟಿವಿ ಬಜೆಟ್ ಅಂದರೆ ಟಿವಿ ಬಜೆಟ್ಟೇ.

ನಮ್ಮ ಮೇಲಿನ ಮನೆ ಶೆಟ್ರಿಗೆ ಜಂಗಲ್ ಬುಕ್ ಅಂದರೆ ಪ್ರಾಣ. 1990ರ ದಶಕದ ದೂರದರ್ಶನ, ಭಾನುವಾರ ಬೆಳಿಗ್ಗೆ, ಗುಲ್ಜಾರ್ ಬರೆದ ಹಾಡು, ಶೇರ್ ಖಾನ್‌ಗೆ ನಾನಾ ಪಾಟೇಕರ್ ದನಿ. "ಅದು ನಮ್ದು ಮಾರಾಯ್ರೆ. ಈಗಿನದು ಯಾರೋ ಫಾರಿನ್‌ನವರು ಮಾಡಿದ ಹಾಗಿದೆ," ಅಂದರು ಒಮ್ಮೆ ಲಿಫ್ಟಿನಲ್ಲಿ.

"ಶೆಟ್ರೆ, ನಿಮ್ದು ಜಪಾನಿನದು. 1989ರದ್ದು. ಈಗಿನದು ಹೈದರಾಬಾದಿನ ಡಿಕ್ಯೂ ಕಂಪನಿಯದ್ದು."

ಅವರು ಇವತ್ತಿಗೂ ನಂಬಿಲ್ಲ. ಆದರೆ ಅವರ ಬೇಸರ ಸುಳ್ಳಲ್ಲ. ಅವರಿಗೆ ಬೇಕಾದದ್ದು ಆ ಹಾಡು, ಆ ದನಿ, ಆ ಭಾನುವಾರ. ಅದು ಯಾವ ಸ್ಟುಡಿಯೊದಲ್ಲೂ ರೆಂಡರ್ ಆಗುವುದಿಲ್ಲ.

ಹಾಗಾದರೆ ಕಂಪ್ಯೂಟರಿನದು ಏನೂ ತಪ್ಪಿಲ್ಲವಾ? ಥಾಮಸ್ ರೈಲಿನ ಕಥೆ ಹೇಳುತ್ತೇನೆ, ನನಗೆ ತುಂಬಾ ಇಷ್ಟದ ಉದಾಹರಣೆ. 1984ರಲ್ಲಿ ಶುರುವಾದಾಗ ಅದು ನಿಜವಾದ ಮಾದರಿ ರೈಲುಗಳ ಕಾರ್ಯಕ್ರಮ. ಇಂಜಿನ್ನುಗಳ ಕಣ್ಣು ರಿಮೋಟಿನಿಂದ ಹೊರಳುತ್ತಿದ್ದವು, ಅಷ್ಟೇ. ತುಟಿ ಅಲುಗುತ್ತಿರಲಿಲ್ಲ. ಸಿಟ್ಟು ಬಂದರೆ ಶಾಟ್ ಕಟ್ ಮಾಡಿ ಸಿಟ್ಟಿನ ಮುಖ ಅಂಟಿಸುತ್ತಿದ್ದರು. ಎಲ್ಲರ ಮಾತನ್ನೂ ಒಬ್ಬನೇ ಹೇಳುತ್ತಿದ್ದ. ಮೊದಲು ಹೇಳಿದ್ದು ಬೀಟಲ್ಸ್‌ನ ರಿಂಗೋ ಸ್ಟಾರ್. ಅಜ್ಜ ಕಥೆ ಹೇಳಿದ ಹಾಗೆ. ಇಂಜಿನ್ ಹಳಿ ಬಿಟ್ಟು ಎಲ್ಲೂ ಹೋಗುವ ಹಾಗಿರಲಿಲ್ಲ, ಆದ್ದರಿಂದ ಹಳಿ ತಪ್ಪಿದರೆ ಎದೆ ಧಸಕ್ ಅನ್ನುತ್ತಿತ್ತು. 2008ರ ಹೊತ್ತಿಗೆ ಮಾದರಿ ರೈಲಿಗೆ ಕಂಪ್ಯೂಟರ್ ಮುಖ ಬಂತು. 2010ರಿಂದ ಪೂರ್ತಿ ಕಂಪ್ಯೂಟರ್. ತುಟಿ ಆಡಿತು, ಪ್ರತಿ ಇಂಜಿನ್ನಿಗೂ ಬೇರೆ ದನಿ ಬಂತು. ಹಳಬರು ಗೊಣಗಿದರು. ಆದರೆ ಇಂಜಿನ್ನಿಗೆ ಇನ್ನೂ ತೂಕ ಇತ್ತು. 2021ರಲ್ಲಿ ಮತ್ತೆ ಹೊಸದಾಗಿ ಮಾಡಿದರು. ಈ ಸಲ ಕಂಪ್ಯೂಟರಿನ ಉಬ್ಬು ರೂಪ ಬಿಟ್ಟು ಚಪ್ಪಟೆ ಚಿತ್ರಕ್ಕೇ ವಾಪಸು! ಹಳೇ ಕಾರ್ಟೂನಿನವರು ಖುಷಿಪಡಬೇಕಿತ್ತು ಅಲ್ವಾ? ಇಲ್ಲ. ಇಂಜಿನ್ನುಗಳು ಕುಣಿದವು, ಹಳಿಯಿಂದ ಮೇಲಕ್ಕೆ ನೆಗೆದವು. ಹಳೇ ಅಭಿಮಾನಿಗಳಿಂದ ಬೈಗುಳ ಬಂದದ್ದು ಇದಕ್ಕೇ.

ನನ್ನ ಉತ್ತರ ಇದರಲ್ಲೇ ಇದೆ. ಕೆಡುವುದು ಸಾಧನದಿಂದಲ್ಲ. ಆ ಪಾತ್ರಕ್ಕೆ ಏನು ಮಾಡಲು ಆಗುವುದಿಲ್ಲ ಅನ್ನುವುದನ್ನು ಮರೆತಾಗ ಕೆಡುತ್ತದೆ. 2015ರ ಪೀನಟ್ಸ್ ಸಿನಿಮಾದವರು ಇದನ್ನು ಮರೆಯಲಿಲ್ಲ. ಚಾರ್ಲಿ ಬ್ರೌನ್‌ನನ್ನು ಕಂಪ್ಯೂಟರಿನಲ್ಲೇ ಕಟ್ಟಿದರು, ಆದರೆ ಮೂಲ ಕಾಮಿಕ್ಸಿನ ಕಲಾವಿದ ಶುಲ್ಟ್ಸ್ ಬರೆದ ಕೋನಗಳಲ್ಲೇ ತೋರಿಸಿದರು. ಚಲನೆಯನ್ನು ಬೇಕಂತಲೇ ಸ್ವಲ್ಪ ತುಂಡುತುಂಡಾಗಿ ಇಟ್ಟರು. ಅವನ ನಾಯಿ ಸ್ನೂಪಿಗೆ, ಮೊದಲಿಂದ ಅದಕ್ಕೆ ದನಿ ಕೊಡುತ್ತಿದ್ದ, ತೀರಿಹೋದ ಬಿಲ್ ಮೆಲೆಂಡೆಜ್‌ರ ಹಳೇ ರೆಕಾರ್ಡಿಂಗನ್ನೇ ಬಳಸಿದರು. ಕಂಪ್ಯೂಟರಿಗೆ ಗೊತ್ತಿರುವ ಎಲ್ಲವನ್ನೂ ಮಾಡಿಸಬೇಕಿಲ್ಲ ಅಂತ ತೀರ್ಮಾನಿಸಿದವರ ಕೆಲಸ ಅದು.

ಮಕ್ಕಳಿಗೆ ಈ ಜಗಳವೇ ಗೊತ್ತಿಲ್ಲ. ನನ್ನ ಅಕ್ಕನ ಮಗನಿಗೆ ಮೋಟು ಪತ್ಲು ಹುಟ್ಟಿದ್ದೇ ಕಂಪ್ಯೂಟರಿನಲ್ಲಿ. ಲೋಟ್‌ಪೋಟ್ ಅನ್ನುವ ಹಿಂದಿ ಮಕ್ಕಳ ಪತ್ರಿಕೆಯಲ್ಲಿ ದಶಕಗಳ ಕಾಲ ಅವರು ಕಾಗದದ ಮೇಲಿದ್ದರು, 2012ರಲ್ಲಿ ನಮ್ಮ ಮುಂಬೈಯ ಕಾಸ್ಮೋಸ್-ಮಾಯಾದವರು ಅವರನ್ನು ಟಿವಿಗೆ ತಂದರು ಅಂದರೆ, ಹುಡುಗ "ಹೌದಾ ಮಾಮಾ" ಅಂದು ಮತ್ತೆ ಸಮೋಸಾ ಎಪಿಸೋಡಿಗೆ ಹೋಗುತ್ತಾನೆ. ಇನ್ನು ಇಪ್ಪತ್ತು ವರ್ಷಕ್ಕೆ ಅವನೇ ಯಾರನ್ನೋ ಹಿಡಿದು ನಮ್ಮ ಮೋಟು ಪತ್ಲುವನ್ನು ಯಾಕೆ ಹಾಳು ಮಾಡಿದಿರಿ ಅಂತ ಕೇಳುತ್ತಾನೆ, ನೋಡ್ತಾ ಇರಿ.

ಕೊನೆಗೆ ಎಲ್ಲರೂ ಕೇಳುವುದು, "ಮಗುವಿಗೆ ಯಾವುದನ್ನ ತೋರಿಸಲಿ ಹೇಳಿ." ಟಿವಿಯ ದನಿ ಮ್ಯೂಟ್ ಮಾಡಿ ಎರಡು ನಿಮಿಷ ನೋಡಿ ಅನ್ನುತ್ತೇನೆ. ಯಾರಿಗೆ ಸಿಟ್ಟು ಬಂದಿದೆ, ಯಾರು ಮೋಸ ಮಾಡುತ್ತಿದ್ದಾರೆ ಅಂತ ಗೊತ್ತಾದರೆ ಅನಿಮೇಟರಿಗೆ ಟೈಮ್ ಸಿಕ್ಕಿದೆ ಅಂತ ಅರ್ಥ. ಹಳೆಯದೋ ಹೊಸದೋ, ಧೈರ್ಯವಾಗಿ ತೋರಿಸಿ. ಬರೀ ಬಾಯಿಗಳು ತೆರೆದು ಮುಚ್ಚಿ ಆಗುತ್ತಿದ್ದರೆ ಚಾನೆಲ್ ಬದಲಿಸಿ. ಸಿಕ್ಕರೆ 1992ರ ರಾಮಾಯಣ ತೋರಿಸಿ. ಜಪಾನಿನ ಯುಗೋ ಸಾಕೋ, ನಮ್ಮ ರಾಮ್ ಮೋಹನ್ ಸೇರಿ ಕೈಯಲ್ಲಿ ಬರೆಸಿದ್ದು. ಅದನ್ನು ಯಾರೂ ಕಂಪ್ಯೂಟರಿನಲ್ಲಿ ಮತ್ತೆ ಮಾಡಲು ಹೋಗಲಿಲ್ಲ. ಹಳೆಯದನ್ನೇ ಸ್ವಚ್ಛ ಮಾಡಿ 2025ರ ಜನವರಿಯಲ್ಲಿ ಥಿಯೇಟರಿಗೆ ಬಿಟ್ಟರು. ಶೆಟ್ರಿಗೂ ಹೇಳಿದ್ದೇನೆ. ಅದೂ ಅರ್ಧ ಜಪಾನಿನದು ಅನ್ನುವುದನ್ನು ಮಾತ್ರ ಇನ್ನೂ ಹೇಳಿಲ್ಲ.